ಎರಡು ತಟ್ಟಿದರೆ ಇಲ್ಲ

ಜೂನ್ ೯, ಸೋಮವಾರ

ನನ್ನ ಗಂಡನಿಗೆ ಮತ್ತೆ ಮಾತು ಕಲಿಸುವ ಮಾತಿನ ಮೇಡಂ ಒಂದು ನೋಟ್‌ಬುಕ್ ಇಡಲು ಹೇಳಿದ್ದಾರೆ. ಇವರ ಬಾಯಿಂದ ಯಾವ ದಿನ ಯಾವ ಶಬ್ದ ಬಂತು ಎಂದು ಬರೆದು ವಾರಕ್ಕೊಮ್ಮೆ ತೋರಿಸಬೇಕಂತೆ. ಆಯಿತು ಎಂದು ಹೊಸ ನೋಟ್‌ಬುಕ್ಕಿಗೆ ತಾರೀಕು ಹಾಕಿ ‘ಏನೂ ಇಲ್ಲ’ ಎಂದು ಬರೆದೆ. ಅದಕ್ಕೆಷ್ಟು ಹೊತ್ತು ಬೇಕು? ನಾನು ಹೇಳಬೇಕಾದದ್ದೆಲ್ಲ ಹಾಗೇ ಉಳಿಯಿತು. ಅದಕ್ಕೇ ಈ ಎರಡನೆಯ ಪುಸ್ತಕ. ಇದು ನಾನು ಹೊಲಿಗೆಯ ಅಳತೆ ಬರೆದುಕೊಳ್ಳುವ ಪುಸ್ತಕ. ಮುಂದಿನಿಂದ ಬೀದಿಯ ಹೆಂಗಸರ ಸೊಂಟ, ತೋಳು, ಭುಜ. ಹಿಂದಿನಿಂದ ನನ್ನ ಗೋಳು. ಓದುವವರು ಯಾರೂ ಇಲ್ಲ. ಮನೆಯಲ್ಲಿ ಓದುವವರೊಬ್ಬರಿದ್ದರು, ಅವರಿಗೆ ಈಗ ಅಕ್ಷರವೆಂದರೆ ಇರುವೆಯ ಸಾಲು.

ಜನವರಿಯಲ್ಲಿ ಮುಂದಿನ ಕೋಣೆಯಲ್ಲಿ ಟ್ಯೂಷನ್ ಹೇಳುತ್ತಿದ್ದವರು ನಿಂತಲ್ಲೇ ಕುಸಿದರು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಬಲಗೈ ಹೋಯಿತು, ಬಲಗಾಲು ಹೋಯಿತು, ಹಿಂದೆಯೇ ಮಾತೂ ಹೋಯಿತು. ಮೂವತ್ತು ವರ್ಷ ಇಂಗ್ಲಿಷ್ ವ್ಯಾಕರಣ ಹೇಳಿಕೊಟ್ಟು ಅನ್ನ ಸಂಪಾದಿಸಿದ ನಾಲಿಗೆಗೆ ಈಗ ‘ನೀರು’ ಎನ್ನಲು ಬರುವುದಿಲ್ಲ.

ಆಸ್ಪತ್ರೆಯ ಹಿಂದಿನ ತರಬೇತಿ ಕೇಂದ್ರದಲ್ಲಿ ಹನ್ನೆರಡೇ ಜನಕ್ಕೆ ಜಾಗ. ನಮ್ಮ ಪುಣ್ಯಕ್ಕೆ ಒಂದು ಸಿಕ್ಕಿದೆ. ದಿನಾ ಒಂಬತ್ತಕ್ಕೆ ಗಾಲಿಕುರ್ಚಿ ತಳ್ಳಿಕೊಂಡು ಹೋಗುತ್ತೇನೆ, ಹನ್ನೆರಡಕ್ಕೆ ತಳ್ಳಿಕೊಂಡು ಬರುತ್ತೇನೆ. ಆಗಸ್ಟ್ ಕೊನೆಗೆ ದೊಡ್ಡ ಡಾಕ್ಟರು ಕೂತು ಒಬ್ಬೊಬ್ಬರನ್ನೇ ಕರೆದು ನೋಡುತ್ತಾರೆ. ಮಾತು ಸ್ವಲ್ಪವಾದರೂ ಮರಳುತ್ತಿದೆ ಎಂದು ಕಂಡರೆ ಇನ್ನೂ ಮೂರು ತಿಂಗಳು ಕೊಡುತ್ತಾರೆ. ಇಲ್ಲದಿದ್ದರೆ ಜಾಗ ಬಾಗಿಲಲ್ಲಿ ಕಾಯುತ್ತಿರುವವರಿಗೆ. ಬರುವ ಮಾತು ಮೊದಲ ವರ್ಷದಲ್ಲೇ ಬರಬೇಕು, ಆಮೇಲೆ ಕಷ್ಟ ಎಂದು ಮೇಡಂ ಮೊದಲ ದಿನವೇ ಹೇಳಿದರು.

ಬರುತ್ತದೆ. ನಾನು ಬರಿಸುತ್ತೇನೆ. ಇಪ್ಪತ್ತೈದು ವರ್ಷ ಆ ಬಾಯಿಂದ ಬೈಸಿಕೊಂಡಿದ್ದೇನೆ. ಹೀಗೆ ಮುಚ್ಚಿಕೊಂಡು ಪಾರಾಗಲು ಬಿಡುವುದಿಲ್ಲ.

ಜೂನ್ ೧೨, ಗುರುವಾರ

ನಾದಿನಿ ಬಂದಿದ್ದಳು. ಮಂಚದ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು, “ಅಣ್ಣಂಗೆ ಏನಾದ್ರೂ ಗೊತ್ತಾಗುತ್ತಾ ಅತ್ತಿಗೆ? ಇಲ್ಲಾ ಸುಮ್ನೆ ಕಣ್ಣು ಬಿಟ್ಕೊಂಡಿರ್ತಾನಾ?” ಎಂದಳು. “ಅಲ್ಲೇ ಇದಾರಲ್ಲ, ಅವರನ್ನೇ ಕೇಳು” ಎಂದೆ. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಹೋಗುವಾಗ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡು, “ಎಂಥಾ ಇಂಗ್ಲಿಷು ನಮ್ಮಣ್ಣಂದು” ಎಂದಳು.

ಅದು ನಿಜವೇ. ಬೀದಿಯಲ್ಲಿ ಇವರಿಗೆ ‘ನಾಳೆ ಮೇಷ್ಟ್ರು’ ಎಂದೇ ಹೆಸರು. ಪಾಠದಲ್ಲಿ ಎಲ್ಲಕ್ಕಿಂತ ಇವರಿಗೆ ಇಷ್ಟವಾದದ್ದು ಭವಿಷ್ಯತ್ಕಾಲ. ಮಿಕ್ಕಿದ್ದನ್ನು ಹೇಗೋ ಮುಗಿಸಿ ಅದಕ್ಕೆ ಬಂದರೆ ಎರಡು ತಿಂಗಳು ಅಲ್ಲೇ ಠಿಕಾಣಿ. ನಾಳೆ ಬರುವೆಯಾ, ನಾಳೆ ಹೋಗುವೆಯಾ, ನಾಳೆ ಇಷ್ಟು ಹೊತ್ತಿಗೆ ಏನು ಮಾಡುತ್ತಿರುವೆ. ನಡುವೆ ಒಂದು ಹಲಗೆಯ ಗೋಡೆ. ಆ ಕಡೆ ಇವರ ಪಾಠ, ಈ ಕಡೆ ನನ್ನ ಮಷಿನ್ನು. ಇಪ್ಪತ್ತೈದು ವರ್ಷ ಕಿವಿಯ ಮೇಲೆ ಬಿದ್ದಿದೆ, ತಲೆಗೆ ಹೋಗಿಲ್ಲ.

ಮದುವೆಯಾದ ಎರಡನೆಯ ವರ್ಷ, ನನಗೂ ಸ್ವಲ್ಪ ಹೇಳಿಕೊಡಿ ಎಂದು ಕೇಳಿದ್ದೆ. ನಕ್ಕುಬಿಟ್ಟರು. “ದಡ್ಡಮ್ಮಾ, ನೀನು ಸೂಜಿಗೆ ದಾರ ಪೋಣಿಸು, ಅಷ್ಟು ಸಾಕು” ಎಂದರು, ಅದೂ ಟ್ಯೂಷನ್ನಿನ ಹೆಣ್ಣುಮಕ್ಕಳ ಮುಂದೆ. ಅವರೂ ನಕ್ಕರು. ಆ ಮಾತಿಗೆ ಒಂದಲ್ಲ ಒಂದು ದಿನ ತಿರುಗಿಸಿ ಕೊಡಬೇಕೆಂದು ಕಾದಿದ್ದೆ. ಈಗ ಕೊಡೋಣವೆಂದರೆ ಎದುರು ಮಾತಾಡುವವರೇ ಇಲ್ಲ.

ಜೂನ್ ೨೦, ಶುಕ್ರವಾರ

ಮೇಡಂ ಪುಸ್ತಕದಲ್ಲಿ: ಏನೂ ಇಲ್ಲ. ಈ ಪುಸ್ತಕದಲ್ಲೂ ಬರೆಯುವಂಥದ್ದು ಏನಿಲ್ಲ.

ಜುಲೈ ೧, ಮಂಗಳವಾರ

ಲಂಗ ಬದಿಗಿಟ್ಟು ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೆ ಆಗಲಿ.

ಇವರ ಮಂಚವನ್ನು ಟ್ಯೂಷನ್ ಕೋಣೆಗೇ ಹಾಕಿದ್ದೇನೆ. ಪಾಠದ ಮೇಜು ಈಗ ನನ್ನ ಬಟ್ಟೆ ಕತ್ತರಿಸುವ ಮೇಜು. ಮಧ್ಯಾಹ್ನ ಶಾಲೆಯ ಲಂಗಗಳನ್ನು ಕತ್ತರಿಸುತ್ತಿದ್ದೆ. ಗಿರಾಕಿಯೊಬ್ಬಳು ಬಂದು ಬಟ್ಟೆಗೆ ಜಗಳ ಮಾಡಿ, ನಾಳೆ ಬರುತ್ತೇನೆ ನೋಡು ಎಂದು ಹೋಗಿದ್ದಳು. ಆ ಸಿಟ್ಟಿಗೆ, ಇವರು ಮಕ್ಕಳನ್ನು ಕೇಳುತ್ತಿದ್ದ ರಾಗದಲ್ಲೇ, ಬಾಗಿಲ ಕಡೆ ತಿರುಗಿ “ವಿಲ್ ಯೂ ಕಮ್ ಟುಮಾರೋ?” ಎಂದು ಅಣಕಿಸಿ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದೆ.

ಮಂಚದಿಂದ ಧ್ವನಿ ಬಂತು. “ಯೆಸ್, ಐ ವಿಲ್ ಕಮ್ ಟುಮಾರೋ.”

ಸ್ಪಷ್ಟವಾಗಿ, ಒಂದಕ್ಷರ ತೊದಲದೆ. ಹತ್ತಿರ ಹೋಗಿ ಭುಜ ಹಿಡಿದು ಮತ್ತೊಮ್ಮೆ ಹೇಳಿ ಎಂದೆ, ನನ್ನ ಹೆಸರು ಹೇಳಿ ಎಂದೆ, ನೀರು ಎನ್ನಿ ಎಂದೆ. ಸುಮ್ಮನೆ ಸೂರು ನೋಡುತ್ತಿದ್ದರು. ಆಮೇಲೆ ಹೊಳೆಯಿತು. ಇವರ ಪಾಠದ ಪದ್ಧತಿಯೇ ಅದು. ಪ್ರಶ್ನೆ ಕೇಳಿ ಡಸ್ಟರಿನಿಂದ ಮೇಜು ತಟ್ಟುವುದು. ಒಂದು ತಟ್ಟಿದರೆ ಮಕ್ಕಳು ‘ಹೌದು’ ಎಂದು ಪೂರ್ತಿ ವಾಕ್ಯದಲ್ಲಿ ಹೇಳಬೇಕು. ಎರಡು ತಟ್ಟಿದರೆ ‘ಇಲ್ಲ’ ಎಂದು ಪೂರ್ತಿ ವಾಕ್ಯ. ಮೊದಲು ತಾವು ಹೇಳಿ ತೋರಿಸುತ್ತಿದ್ದರು. ದಿನಕ್ಕೆ ಇನ್ನೂರು ಸಲ ಆ ಟಕ್ ಟಕ್ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿಯುತ್ತಿತ್ತು.

ಅದೇ ಪ್ರಶ್ನೆ ಕೇಳಿ, ಈ ಸಲ ಕತ್ತರಿಯ ಹಿಡಿಯಿಂದ ಎರಡು ತಟ್ಟಿದೆ.

“ನೋ, ಐ ವಿಲ್ ನಾಟ್ ಕಮ್ ಟುಮಾರೋ.”

ಇವರದೇ ಧ್ವನಿ. ಅದೇ ಅಹಂಕಾರದ ಧ್ವನಿ. ಲಂಗದ ಬಟ್ಟೆ ಮುಖಕ್ಕೆ ಒತ್ತಿಕೊಂಡು ಅತ್ತೆ.

ಜುಲೈ ೩, ಗುರುವಾರ

ಕೇಂದ್ರದಲ್ಲಿ ಮೇಡಂ ಮುಂದೆ ಮಾಡಿ ತೋರಿಸಿದೆ. ಅವರಿಗೆ ಮೂವತ್ತು ದಾಟಿರಲಿಕ್ಕಿಲ್ಲ. ನಾನು ಕುಣಿದಾಡುತ್ತಾರೆ ಎಂದುಕೊಂಡಿದ್ದರೆ, ಗಲ್ಲಕ್ಕೆ ಕೈ ಇಟ್ಟು ಯೋಚಿಸಿದರು.

“ಅಮ್ಮಾ, ಬೇಜಾರು ಮಾಡ್ಕೋಬೇಡಿ. ಇದು ಮಗ್ಗಿ ಇದ್ದ ಹಾಗೆ. ನಾಲಿಗೆಗೆ ರೂಢಿಯಾಗಿರೋದು ತಾನಾಗೇ ಬರುತ್ತೆ. ಮಾತು ಬೇರೆ, ಮಗ್ಗಿ ಬೇರೆ.”

“ಹಾಗಾದ್ರೆ ಇವರಿಗೆ ತಿಳಿದು ಹೇಳ್ತಿಲ್ವಾ?”

“ಗೊತ್ತಿಲ್ಲ. ಆದ್ರೆ ಇದನ್ನೇ ಹಿಡ್ಕೊಂಡು ಮೇಲೆ ಬಂದವರಿದಾರೆ. ಇಂಗ್ಲಿಷಲ್ಲೇ ಪ್ರಶ್ನೆ ಕೇಳಿ, ಪರವಾಗಿಲ್ಲ. ಆದ್ರೆ ತಟ್ಟಬೇಡಿ. ಕೇಳಿ, ಕಾಯಿರಿ. ಅವರಾಗೇ ಹೌದೋ ಇಲ್ವೋ ಹೇಳಿದ್ರೆ ಅದು ಮಾತು.”

ಇಂಗ್ಲಿಷಲ್ಲಿ ಕೇಳಬೇಕಂತೆ. ಯಾರು? ನಾನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಮಷಿನ್ ತುಳಿದವಳು.

ಜುಲೈ ೧೪, ಸೋಮವಾರ

ಬೀರುವಿನಿಂದ ಇವರ ಪಾಠದ ಪುಸ್ತಕಗಳನ್ನು ಇಳಿಸಿದ್ದೇನೆ. ಮುತ್ತು ಪೋಣಿಸಿದಂಥ ಅಕ್ಷರ. ಪಕ್ಕದಲ್ಲಿ ಮಕ್ಕಳಿಗೆಂದು ಕನ್ನಡದಲ್ಲೂ ವಿವರಣೆ ಬರೆದಿದ್ದಾರೆ, ನನ್ನ ಅದೃಷ್ಟ. ಬೆಳಗ್ಗೆ ಐದಕ್ಕೆದ್ದು ಒಂದು ಗಂಟೆ ಓದುತ್ತೇನೆ.

ಇಂಗ್ಲಿಷಿನವರಿಗೆ ನಾಳೆಯನ್ನು ಕಂಡರೆ ಎಷ್ಟು ಅನುಮಾನ! ನಮಗೆ ‘ಬರ್ತೀನಿ’ ಎಂದರೆ ಮುಗಿಯಿತು. ಈಗ ತಾನೇ ಮನಸ್ಸು ಮಾಡಿದ್ದಾದರೂ ಬರ್ತೀನಿ, ತಿಂಗಳ ಹಿಂದೆ ಗೊತ್ತು ಮಾಡಿದ್ದಾದರೂ ಬರ್ತೀನಿ. ಅವರಲ್ಲಿ ಹಾಗಿಲ್ಲ. ಮಾತಾಡುತ್ತಾ ಆಡುತ್ತಾ ಒಪ್ಪಿಕೊಂಡರೆ ‘ವಿಲ್’. ಮೊದಲೇ ನಿಶ್ಚಯಿಸಿದ್ದರೆ, ಇಲ್ಲವೇ ಆಗುವ ಲಕ್ಷಣ ಕಣ್ಣೆದುರಿಗೇ ಕಾಣುತ್ತಿದ್ದರೆ ‘ಗೋಯಿಂಗ್ ಟು’. ಮೋಡ ಕವಿದಿದೆ, ಮಳೆ ಬರಲಿದೆ ಎಂಬಂತೆ. ನಾಳೆ ಇಷ್ಟು ಹೊತ್ತಿಗೆ ಕೆಲಸದ ಮಧ್ಯದಲ್ಲಿದ್ದರೆ ‘ವಿಲ್ ಬಿ’. ನಾಳೆ ಇಷ್ಟು ಹೊತ್ತಿಗೆ ಮುಗಿದೇ ಹೋಗಿದ್ದರೆ ‘ವಿಲ್ ಹ್ಯಾವ್’. ನಾವು ಹೊಲಿಗೆಯವರು ಗಿರಾಕಿಗೆ ಹೇಳುವ ‘ನಾಳೆ ಕೊಡ್ತೀನಿ’ ಎಂಬುದಕ್ಕೆ ಮಾತ್ರ ಈ ಪುಸ್ತಕದಲ್ಲಿ ಎಲ್ಲೂ ಜಾಗವಿಲ್ಲ.

ಮೇಡಂ ಹೇಳಿದ ಹಾಗೆ ತಟ್ಟದೆ ಕೇಳಿ ಕಾದರೆ ಏನೂ ಬರುವುದಿಲ್ಲ. ಗೋಡೆಗೆ ಹೇಳಿದ ಹಾಗೆ. ತಟ್ಟಿದರೆ ಮಾತ್ರ ಬರುತ್ತದೆ. ಮನೆಯಲ್ಲಿ ತಟ್ಟುತ್ತೇನೆ, ಯಾರು ನೋಡುತ್ತಾರೆ.

ಇವತ್ತು ಒಂದು ಕೆಲಸ ಮಾಡಿದೆ, ಬರೆಯಲು ನಾಚಿಕೆಯಾಗುತ್ತದೆ. “ವಿಲ್ ಯೂ ಸೇ ಸಾರಿ ಟು ಮೀ?” ಎಂದು ಕೇಳಿ ಒಂದು ತಟ್ಟಿದೆ. “ಯೆಸ್, ಐ ವಿಲ್ ಸೇ ಸಾರಿ ಟು ಯೂ” ಎಂದರು. ಐದು ಸಲ ಹೇಳಿಸಿದೆ. ಮೂರನೆಯ ಸಲದವರೆಗೂ ನಗು ಬರುತ್ತಿತ್ತು. ಐದನೆಯದಕ್ಕೆ ನಗು ನಿಂತಿತು. ಇಷ್ಟು ವರ್ಷ ಕಾದ ಮಾತು, ನಾನೇ ತಟ್ಟಿ ನಾನೇ ತೆಗೆಸಿಕೊಂಡದ್ದು. ಎದ್ದು ಹೋಗಿ ಪಾತ್ರೆ ತೊಳೆದೆ.

ಜುಲೈ ೨೭, ಭಾನುವಾರ

ಇವತ್ತಿನದನ್ನು ಮೇಡಂ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದೆ. ಇಲ್ಲೂ ಬರೆಯುತ್ತೇನೆ.

ಅಟ್ಟದ ಮೇಲಿನ ಲೈನಿಂಗ್ ಬಟ್ಟೆಯ ಗಂಟು ತೆಗೆಯಲು ಮೂರು ಕಾಲಿನ ಹಳೆಯ ಸ್ಟೂಲು ಹತ್ತಿದ್ದೆ. ತುದಿಗಾಲಲ್ಲಿ ನಿಂತು ಗಂಟಿಗೆ ಕೈ ಹಾಕಿದ್ದೇನೆ, ಸ್ಟೂಲು ಒಂದು ಕಡೆ ವಾಲಿತು. ಹಿಂದಿನಿಂದ ಇವರು, “ಯೂ ಆರ್ ಗೋಯಿಂಗ್ ಟು ಫಾಲ್” ಎಂದರು.

ಯಾರೂ ತಟ್ಟಿರಲಿಲ್ಲ, ಯಾರೂ ಪ್ರಶ್ನೆ ಕೇಳಿರಲಿಲ್ಲ. ಆ ಮಾತಿಗೆ ಬೆಚ್ಚಿಯೇ ನಿಜವಾಗಿ ಬಿದ್ದೆ. ಗಂಟು ಮೈಮೇಲೆ ಬಿತ್ತು, ಮೊಣಕೈ ತರಚಿತು. ನೆಲದಲ್ಲಿ ಕೂತೇ ಇವರ ಮುಖ ನೋಡಿದೆ. ಹುಬ್ಬು ಗಂಟಿಕ್ಕಿತ್ತು, ಕಣ್ಣು ನನ್ನ ಮೇಲೇ ಇತ್ತು. ಮೊದಲು ಯಾರಾದರೂ ತಪ್ಪು ಬರೆದಾಗ ನೋಡುತ್ತಿದ್ದರಲ್ಲ, ಹಾಗೆ.

‘ವಿಲ್’ ಎನ್ನಲಿಲ್ಲ. ‘ಗೋಯಿಂಗ್ ಟು’ ಎಂದರು. ಸ್ಟೂಲು ವಾಲುವುದು ಕಣ್ಣೆದುರಿಗೆ ಕಂಡಿತ್ತು, ಅದಕ್ಕೆ. ಮಗ್ಗಿಯಾಗಿದ್ದರೆ ಇಷ್ಟು ಆರಿಸಿ ಹೇಳಲು ಆಗುತ್ತಿತ್ತೇ? ಒಳಗೆ ಕೂತಿದ್ದಾರೆ. ನನ್ನ ಗಂಡ ಒಳಗೆ ಕೂತಿದ್ದಾರೆ, ವ್ಯಾಕರಣ ಸಮೇತ.

ಮೊಣಕೈಗೆ ಮುಲಾಮು ಹಚ್ಚಿಕೊಳ್ಳಲು ಮರೆತೇ ಹೋಗಿತ್ತು. ಸಂಜೆ ನೋಡಿಕೊಂಡೆ.

ಆಗಸ್ಟ್ ೫, ಮಂಗಳವಾರ

ಮೇಡಂ ಖುಷಿಪಟ್ಟರು. ಆಮೇಲೆ ಒಂದು ಗಂಟೆ ಚಿತ್ರ ತೋರಿಸಿ, ಗಂಟೆ ಬಾರಿಸಿ ಏನೆಲ್ಲ ಮಾಡಿದರು. ಇವರು ಬಾಯಿ ಬಿಡಲಿಲ್ಲ. “ಇರಲಿ ಬಿಡಿ, ಒಂದ್ಸಲ ಬಂದಿದೆಯಲ್ಲ” ಎಂದರು.

ಪರೀಕ್ಷೆ ೨೮ಕ್ಕೆ. ದೊಡ್ಡ ಡಾಕ್ಟರು ಹೆಚ್ಚು ಹೊತ್ತು ಕೂರುವುದಿಲ್ಲವಂತೆ. ಕೇಳಿದ್ದಕ್ಕೆ ಎರಡು ಮೂರು ಪೂರ್ತಿ ವಾಕ್ಯದ ಉತ್ತರ ಬಂದರೆ ಸಾಕು, ಮೂರು ತಿಂಗಳು ಸಿಕ್ಕೇ ಸಿಗುತ್ತದೆ ಎಂದರು ಮೇಡಂ.

ಸ್ಟೂಲಿನಿಂದ ಬಿದ್ದ ಭಾನುವಾರದ ಮೇಲೆ ಒಂಬತ್ತು ದಿನ ಆಯಿತು. ತಾವಾಗಿ ಒಂದು ಮಾತೂ ಇಲ್ಲ. ಅಟ್ಟದಲ್ಲಿ ನನಗೇನೂ ಬೇಕಾಗಿರಲಿಲ್ಲ, ಆದರೂ ಮೂರು ಸಲ ಸ್ಟೂಲು ಹತ್ತಿ ಅಲ್ಲಾಡಿದೆ. ಮೂರನೆಯ ಸಲ ಪಕ್ಕದ ಮನೆಯವಳು ಕಿಟಕಿಯಲ್ಲಿ ನೋಡಿ, ಇವಳಿಗೇನು ತಲೆ ಕೆಟ್ಟಿದೆಯೇ ಎಂಬಂತೆ ನಿಂತಳು.

ಆಗಸ್ಟ್ ೧೩, ಬುಧವಾರ

ತೀರ್ಮಾನ ಮಾಡಿಬಿಟ್ಟೆ. ನಾನು ಹಿಂದೆ ನಿಂತು ತಟ್ಟುತ್ತೇನೆ.

ಸೂಜಿ ಚುಚ್ಚದಿರಲಿ ಎಂದು ಬೆರಳ ತುದಿಗೆ ಹಾಕಿಕೊಳ್ಳುವ ತಗಡಿನ ಟೊಪ್ಪಿ ಇದೆಯಲ್ಲ, ಅದು ಯಾವಾಗಲೂ ನನ್ನ ಬೆರಳಲ್ಲೇ ಇರುತ್ತದೆ. ಗಾಲಿಕುರ್ಚಿಯ ಕಬ್ಬಿಣದ ಹಿಡಿಯ ಮೇಲೆ ಅದರಿಂದ ಮೆಲ್ಲಗೆ ತಟ್ಟಿದರೆ ಇವರಿಗೆ ಕೇಳುತ್ತದೆ, ಮೇಜಿನಾಚೆ ಕೂತವರಿಗೆ ಕೇಳುವುದಿಲ್ಲ. ಮನೆಯಲ್ಲಿ ಮಾಡಿ ನೋಡಿದೆ. ನಾದಿನಿಯನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿಸಿದೆ. ಅವಳಿಗೆ ಗೊತ್ತೇ ಆಗಲಿಲ್ಲ. “ಅಯ್ಯೋ ಅತ್ತಿಗೆ, ಅಣ್ಣ ಮಾತಾಡ್ದ” ಎಂದು ಅಣ್ಣನ ಕಾಲು ಹಿಡಿದು ಅಳತೊಡಗಿದಳು. ನನಗೆ ಮೋಸ ಮಾಡಿದ ಹಾಗೆ ಅನಿಸಿತು. ಆದರೂ ಹೇಳಲಿಲ್ಲ.

ಮೋಸವೇನು? ಇವರಿಗೆ ತಿಳಿಯುತ್ತದೆ ಎಂದು ನನಗೆ ಗೊತ್ತು. ಸ್ಟೂಲಿನ ದಿನ ಗೊತ್ತಾಗಿದೆ. ಬಾಗಿಲು ಗಟ್ಟಿಯಾಗಿದೆ, ನೂಕಿದರೆ ತೆರೆಯುತ್ತದೆ, ನಾನು ನೂಕುತ್ತೇನೆ ಅಷ್ಟೆ.

ಆಗಸ್ಟ್ ೨೨, ಶುಕ್ರವಾರ

ನಲವತ್ತು ಪ್ರಶ್ನೆ ರೂಢಿಯಾಯಿತು. ದಿನಾ ವ್ಯಾಯಾಮ ಮಾಡುತ್ತೀರಾ, ಮನೆಯಲ್ಲೂ ಅಭ್ಯಾಸ ಮಾಡುತ್ತೀರಾ, ಇಲ್ಲಿಗೆ ಬರುತ್ತೀರಾ. ನಲವತ್ತಕ್ಕೆ ನಲವತ್ತೂ ಸರಿ. ನಡುವೆ ನಾನು ಒಂದು ಪ್ರಶ್ನೆ ತಪ್ಪು ಕೇಳಿದೆ, ‘ವಿಲ್ ಯೂ ಗೋಯಿಂಗ್’ ಎಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡು ‘ವಿಲ್ ಯೂ ಗೋ’ ಎಂದು ತಿದ್ದಿದೆ. ಇವರು ಒಂದಿಷ್ಟು ತುಟಿ ಅಲ್ಲಾಡಿಸಿದ ಹಾಗಿತ್ತು. ನಗುವೋ ಏನೋ. ಏನಾದರೂ ಇರಲಿ, ಲಂಗಗಳು ಇಪ್ಪತ್ತು ಬಾಕಿ ಇವೆ.

ಆಗಸ್ಟ್ ೨೮, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಇಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತದೆ.

ಹೊಸ ಅಂಗಿ ಹೊಲಿದಿದ್ದೆ, ಅದನ್ನೇ ಹಾಕಿಸಿದೆ. ಕೂದಲು ಬಾಚಿ, ಗಡ್ಡ ತೆಗೆದು, ಕನ್ನಡಕ ಒರೆಸಿ ಹಾಕಿದೆ. ಹಳೆಯ ಮೇಷ್ಟ್ರ ಹಾಗೇ ಕಂಡರು. ಬಾಗಿಲ ಹೊರಗೆ ಬೆಂಚಿನ ಮೇಲೆ ಒಬ್ಬಾಕೆ ಗಂಡನ ಬಾಯೊರೆಸುತ್ತಾ ಕೂತಿದ್ದಳು. ಜಾಗಕ್ಕಾಗಿ ಕಾಯುತ್ತಿರುವವರಲ್ಲಿ ಮೊದಲನೆಯವರಂತೆ. ಅವಳ ಕಡೆ ನೋಡದೆ ಒಳಗೆ ಹೋದೆ.

ದೊಡ್ಡ ಡಾಕ್ಟರು ಮೇಜಿನಾಚೆ. ಅವರ ಪಕ್ಕದಲ್ಲಿ ಬರೆದುಕೊಳ್ಳುವ ಹೆಂಗಸು. ಈ ಬದಿಯಲ್ಲಿ ಮಾತಿನ ಮೇಡಂ. ನಾನು ಕುರ್ಚಿಯ ಹಿಂದೆ ನಿಂತು ಹಿಡಿಯ ಮೇಲೆ ಕೈ ಇಟ್ಟುಕೊಂಡೆ. ಇವರು ಇಂಗ್ಲಿಷಿಗೆ ಮಾತ್ರ ಉತ್ತರಿಸುತ್ತಾರೆ ಎಂದು ಮೇಡಂ ಮೊದಲೇ ಹೇಳಿದರು. ಡಾಕ್ಟರಿಗೆ ಅದು ಸ್ವಾರಸ್ಯವೆನಿಸಿತು. ಮುಂದಕ್ಕೆ ಬಾಗಿದರು.

“ವಿಲ್ ಯೂ ಡೂ ಯುವರ್ ಎಕ್ಸರ್ಸೈಸಸ್ ಎವ್ರಿ ಡೇ?”

ನಾನು ಒಂದು ತಟ್ಟಿದೆ. “ಯೆಸ್, ಐ ವಿಲ್ ಡೂ ಮೈ ಎಕ್ಸರ್ಸೈಸಸ್ ಎವ್ರಿ ಡೇ.”

ಡಾಕ್ಟರು ಮೇಡಂ ಕಡೆ ನೋಡಿ ಹುಬ್ಬೇರಿಸಿದರು. ಹೆಂಗಸು ಬರೆದುಕೊಂಡಳು. ಮನೆಯಲ್ಲೂ ಅಭ್ಯಾಸ ಮಾಡುವಿರಾ ಎಂದು ಕೇಳಿದರು. ಅದಕ್ಕೂ ಪೂರ್ತಿ ವಾಕ್ಯ ಬಂತು. ಮೇಡಂ ಕಣ್ಣು ಒಮ್ಮೆ ನನ್ನ ಕೈಯ ಮೇಲೆ ಹಾದುಹೋಯಿತು. ನಾನು ಬೇರೆ ಕಡೆ ನೋಡಿದೆ. ಡಾಕ್ಟರು ನಗುತ್ತಾ ಕಾಗದ ಹತ್ತಿರಕ್ಕೆ ಎಳೆದುಕೊಂಡರು, ಸಹಿ ಮಾಡುವವರ ಹಾಗೆ. ಕೊನೆಯದಾಗಿ ಎಂಬಂತೆ, ಪೆನ್ನಿನ ಮುಚ್ಚಳ ತೆಗೆಯುತ್ತಾ ಕೇಳಿದರು.

“ವಿಲ್ ಯೂ ಕಮ್ ಹಿಯರ್ ಫಾರ್ ತ್ರೀ ಮೋರ್ ಮಂತ್ಸ್?”

ನಾನು ಒಂದು ತಟ್ಟಿದೆ. ಅದರ ಬೆನ್ನಿಗೇ ಡಾಕ್ಟರು ಮುಚ್ಚಳವನ್ನು ಮೇಜಿನ ಮೇಲೆ ಟಕ್ ಎಂದು ಇಟ್ಟರು.

“ನೋ, ಐ ವಿಲ್ ನಾಟ್ ಕಮ್ ಹಿಯರ್ ಫಾರ್ ತ್ರೀ ಮೋರ್ ಮಂತ್ಸ್.”

ಡಾಕ್ಟರು ಕನ್ನಡಕ ತೆಗೆದು ಇವರನ್ನು ನೋಡಿದರು, ಇವರೂ ಅವರನ್ನು ನೋಡುತ್ತಿದ್ದರು. “ಇಷ್ಟು ಸ್ಪಷ್ಟವಾಗಿ ಬೇಡ ಅಂದವರನ್ನ ನಾನು ನೋಡೇ ಇಲ್ಲ” ಎಂದರು ಡಾಕ್ಟರು, ಮರ್ಯಾದೆಯಿಂದಲೇ.

ಆಗ ನಾನು ಬಾಯಿ ಬಿಟ್ಟೆ. “ಸಾರ್, ಅದು ಇವರ ಮಾತಲ್ಲ. ಇವರಿಗೆ ಏನೂ ತಿಳಿಯಲ್ಲ ಸಾರ್. ಬರೀ ಗಿಣಿಪಾಠ. ನಾನು ಹಿಂದಿಂದ ತಟ್ತೀನಿ, ಇವರು ಒದರ್ತಾರೆ. ಒಂದು ತಟ್ಟಿದ್ರೆ ಹೌದು, ಎರಡು ತಟ್ಟಿದ್ರೆ ಇಲ್ಲ. ನಿಮ್ಮ ಪೆನ್ನಿಂದು ಸೇರಿ ಎರಡಾಯ್ತು. ಬೇಕಾದ್ರೆ ನೋಡಿ, ಈಗ ಎರಡು ತಟ್ಟಿ ಇವರಿಗೆ ಹೆಂಡತಿ ಬೇಕಾ ಕೇಳಿ, ಅದಕ್ಕೂ ಇಲ್ಲ ಅಂತಾರೆ. ಒಳಗೇನೂ ಇಲ್ಲ ಸಾರ್, ಖಾಲಿ.”

ಇನ್ನೂ ಏನೇನೋ ಅಂದೆ. ಮೇಡಂ ಎದ್ದು ನನ್ನ ತೋಳು ಹಿಡಿದರು.

ಡಾಕ್ಟರಿಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. “ನೋಡೀಮ್ಮಾ, ನೀವು ಹೇಳೋ ಹಾಗೆ ಇವರಿಗೆ ಏನೂ ತಿಳಿಯಲ್ಲ ಅಂದ್ರೆ, ಎಂಟು ತಿಂಗಳಾದ ಮೇಲೆ ಇಲ್ಲಿ ಇಟ್ಕೊಂಡು ಮಾಡೋದೇನಿಲ್ಲ. ತಿಳಿಯುತ್ತೆ ಅಂದ್ರೆ, ಬೇಡ ಅಂತ ಅವರೇ ಹೇಳಿದಾರೆ. ನೀವೇ ಹೇಳಿ, ನಾನು ಯಾವುದನ್ನ ಬರೀಲಿ?”

ಎರಡು ಕಡೆಯೂ ಗೋಡೆ. ಬರೆಯುವ ಹೆಂಗಸು ಪೆನ್ನು ಎತ್ತಿಕೊಂಡು ಕಾಯುತ್ತಿದ್ದಳು. ಮೇಡಂ, ಇವರು ತಾವಾಗಿ ಒಮ್ಮೆ ಮಾತಾಡಿದ್ದಾರೆ ಎಂದು ಸ್ಟೂಲಿನ ಕಥೆ ಹೇಳಿದರು. ನೋಡಿದವರು ಯಾರು ಎಂದು ಕೇಳಿದರು ಡಾಕ್ಟರು. ನಾನು. ಅಷ್ಟು ಹೊತ್ತಿಗೆ ನನ್ನ ಮಾತಿಗೆ ಆ ಕೋಣೆಯಲ್ಲಿ ಮೂರು ಕಾಸಿನ ಬೆಲೆ ಇರಲಿಲ್ಲ.

ಹೊರಗೆ ಬಂದಾಗ ಬೆಂಚಿನ ಮೇಲಿದ್ದವಳು ಎದ್ದು ನಿಂತಳು. “ಏನಂದ್ರಕ್ಕಾ?” ಎಂದಳು. ಒಳಗೆ ಹೋಗು ಎಂದೆ.

ಆಗಸ್ಟ್ ೨೯, ಶುಕ್ರವಾರ

ಒಂಬತ್ತಕ್ಕೆ ರೂಢಿಯಂತೆ ಚಪ್ಪಲಿ ಹಾಕಿಸಿದೆ. ಆಮೇಲೆ ನೆನಪಾಗಿ ತೆಗೆದೆ.

ಸೆಪ್ಟೆಂಬರ್ ೨, ಮಂಗಳವಾರ

ಮೇಜು ತಟ್ಟಿದೆ. ಕತ್ತರಿಯಿಂದ ತಟ್ಟಿದೆ, ಹಳೆಯ ಡಸ್ಟರು ಹುಡುಕಿ ಅದರಿಂದಲೂ ತಟ್ಟಿದೆ. ‘ವಿಲ್ ಯೂ ಕಮ್ ಟುಮಾರೋ’ ಎಂದು ಕೇಳಿದೆ. ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ಲ. ಗಂಟಲು ಹರಿಯುವವರೆಗೆ ಕೇಳಿದೆ. ಪಕ್ಕದ ಮನೆಯವಳು ಬಂದು, “ಯಾಕೆ ಕಣಮ್ಮ, ಮೇಷ್ಟ್ರಿಗೆ ಹಿಂಸೆ ಕೊಡ್ತೀಯಾ?” ಎಂದಳು. ಡಸ್ಟರನ್ನು ಬೀರುವಿಗೆ ಹಾಕಿದೆ.

ಸೆಪ್ಟೆಂಬರ್ ೯, ಮಂಗಳವಾರ

ಮಾತಿನ ಮೇಡಂ ಕೆಲಸ ಮುಗಿಸಿಕೊಂಡು ಮನೆಗೆ ಬಂದಿದ್ದರು. ಬರಬೇಕಾದ ಅಗತ್ಯವಿರಲಿಲ್ಲ, ಒಳ್ಳೆಯ ಹುಡುಗಿ. ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಕೈ ಎತ್ತಿಸಿದರು, ಅವರೂ ಮೇಜು ತಟ್ಟಿ ನೋಡಿದರು. ತಲೆಯಲ್ಲಿ ಮತ್ತೆ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿರಬಹುದು, ಮನಸ್ಸು ಕುಗ್ಗಿರಬಹುದು, ಹೀಗೇ ಎಂದು ಹೇಳಲಾಗುವುದಿಲ್ಲ ಎಂದರು. ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ಬಿಸ್ಕತ್ತು ಕೊಟ್ಟೆ, ಟೀ ಕೊಟ್ಟೆ.

ತಮ್ಮ ನೋಟ್‌ಬುಕ್ ಕೇಳಿದರು. ಕೊನೆಯ ಪುಟ ೨೭ನೆಯ ತಾರೀಕಿನದು. “ಇಪ್ಪತ್ತೆಂಟರದ್ದು ಬರೆದಿಲ್ವಾ?” ಎಂದರು.

“ಏನಂತ ಬರೀಲಿ ಮೇಡಂ? ಅದು ಮಗ್ಗಿನಾ, ಮಾತಾ?”

ಅವರು ಟೀ ಲೋಟ ಕೆಳಗಿಟ್ಟರು. “ನಂಗೂ ಗೊತ್ತಿಲ್ಲಮ್ಮ. ನಾನು ನಿಮ್ಮ ಕೈ ನೋಡ್ತಾ ಇದ್ದೆ. ನೀವು ತಟ್ಟೋದಕ್ಕೆ ಮೊದಲೇ ಅವರು ಉತ್ತರ ಹೇಳೋಕೆ ಉಸಿರು ಎಳ್ಕೊಂಡ ಹಾಗೆ ಕಾಣ್ತು. ನನ್ನ ಭ್ರಮೆ ಇರಬಹುದು.”

ಭ್ರಮೆ ಇರಬಹುದು ಎಂದು ಹೋಗುವಾಗಲೂ ಇನ್ನೊಮ್ಮೆ ಹೇಳಿದರು.

ಸೆಪ್ಟೆಂಬರ್ ೧೮, ಗುರುವಾರ

ಮೂರು ವಾರ. ಒಂದು ಶಬ್ದವಿಲ್ಲ.

ಲಂಗಗಳ ಅಂಚು ಹೊಲಿಯುತ್ತಾ ಅದನ್ನೇ ತಿರುವಿ ಹಾಕುತ್ತಿದ್ದೇನೆ. ಆ ದಿನ ಇವರು ಹೇಳಿದ್ದು ಮಗ್ಗಿಯಾದರೆ, ಇವರ ಜಾಗ ಕಳೆದದ್ದು ನನ್ನ ಬೆರಳು. ಅದು ಮಾತೇ ಆಗಿದ್ದರೆ? ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಈ ಮನುಷ್ಯ ತನಗೆ ಇಂಥದ್ದು ಬೇಡ ಎಂದು ಬಾಯಿಬಿಟ್ಟು ಹೇಳಿದ. ನಾನು ಹಿಂದೆ ನಿಂತುಕೊಂಡು, ಇವರಿಗೇನೂ ತಿಳಿಯಲ್ಲ, ಒಳಗೆ ಖಾಲಿ ಎಂದು ನಾಲ್ಕು ಜನರಿಗೆ ಕೇಳುವ ಹಾಗೆ ಕೂಗಿದೆ. ಇವರ ತಲೆಯ ಮೇಲೆ, ಇವರ ಕಿವಿಗೆ ಒಂದು ಗೇಣು ದೂರದಿಂದ.

ಇವರಿಗೆ ಸಾಮಾನ್ಯ ಸಿಟ್ಟು ಬಂದರೆ ಬೈಯುತ್ತಿದ್ದರು. ನಿಜವಾಗಿ ನೊಂದರೆ ಮಾತು ಬಿಡುತ್ತಿದ್ದರು. ಒಮ್ಮೆ ಟ್ಯೂಷನ್ನಿನ ಮಗುವಿನ ಅಪ್ಪನ ಮುಂದೆ, ಇವರೂ ಬಿ.ಎ.ಯಲ್ಲಿ ಒಂದು ಸಲ ಡುಮ್ಕಿ ಹೊಡೆದವರೇ ಎಂದು ತಮಾಷೆಗೆ ಅಂದಿದ್ದೆ. ಹನ್ನೊಂದು ದಿನ ಮಾತಾಡಿರಲಿಲ್ಲ. ಉಣ್ಣಲು ಕರೆದರೆ ಬರುತ್ತಿದ್ದರು, ಉಂಡು ಹೋಗುತ್ತಿದ್ದರು.

ಮಧ್ಯಾಹ್ನ ಉಣ್ಣಿಸಿ ಬಾಯೊರೆಸಿ ಮಂಚದ ಅಂಚಿನಲ್ಲಿ ಕೂತೆ. ಬೆರಳಿನ ತಗಡು ತೆಗೆದಿಟ್ಟೆ. ಇಂಗ್ಲಿಷು ಬೇಡವೆನಿಸಿತು. “ರೀ” ಎಂದೆ. “ಅವತ್ತು ಅಷ್ಟು ಜನರ ಮುಂದೆ ನಿಮಗೇನೂ ತಿಳಿಯಲ್ಲ ಅಂದೆ. ಖಾಲಿ ಅಂದೆ. ತಪ್ಪಾಯ್ತು. ಅಲ್ಲಿಗೆ ಹೋಗೋದು ನಿಮಗೆ ಬೇಡ ಅಂದ್ರೆ ಬೇಡ. ನೀವು ಹೇಳಿದ್ರಿ, ನಾನೇ ಕೇಳಿಸ್ಕೊಳ್ಳಲಿಲ್ಲ.”

ಕಣ್ಣು ನನ್ನ ಮೇಲೆ ಬಂತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಮುಖ ನಿಧಾನವಾಗಿ ಗೋಡೆಯ ಕಡೆ ತಿರುಗಿತು.

ಕಿಟಕಿಯ ಬಿಸಿಲು ಕಣ್ಣಿಗೆ ಹೊಡೆಯಿತೇನೋ ಎಂದು ಎದ್ದು ಪರದೆ ಎಳೆದೆ. ಮತ್ತೆ ಬಂದು ಕೂತು ಕರೆದೆ. ತಿರುಗಲಿಲ್ಲ. ಕತ್ತು ಸುಮ್ಮನೆ ವಾಲಿದ್ದೂ ಇರಬಹುದು, ಇವರ ಕತ್ತು ಹಾಗೆ ವಾಲುತ್ತದೆ. ಹೊಲಿಯುವ ಲಂಗ ಹಾಗೇ ಬಿಟ್ಟು, ಬೆನ್ನ ಹಿಂದೆ ಕೂತೇ ಇದ್ದೆ. ನನ್ನ ಮೇಲೆ ಸಿಟ್ಟಿದ್ದರೆ ಒಳಗೆ ಇದ್ದಾರೆ ಎಂದು ಅರ್ಥ. ಜನ್ಮವಿಡೀ ಮಾತು ಬಿಡಲಿ, ಪರವಾಗಿಲ್ಲ. ಸಂಜೆ ದೀಪ ಹಾಕುವವರೆಗೂ ಮುಖ ಈ ಕಡೆ ಬರಲಿಲ್ಲ. ಸಿಟ್ಟೇ ಆಗಿರಲಿ.